ಹಳೆಯ ಗ್ಯಾಸ್ ಗ್ರಿಲ್ ತರುವ ಮುಂಚೆ ಅದರ ಕಾಲು ನೋಡಿ

ಪ್ರಶ್ನೆ: ನಾವು ಮಿಶಿಗನ್‌ನಲ್ಲಿದ್ದೇವೆ. ಹೋದ ವರ್ಷ ಮನೆ ತಗೊಂಡೆವು, ಹಿತ್ತಲಲ್ಲಿ ಒಳ್ಳೆ ಜಾಗ ಇದೆ. ಹೊಸ ಗ್ಯಾಸ್ ಗ್ರಿಲ್‌ಗೆ ಸಾವಿರ ಡಾಲರ್ ಸುರಿಯುವ ಬದಲು ಹಳೆಯದೊಂದನ್ನು ತಂದು ನಾನೇ ಸರಿಮಾಡೋಣ ಅಂತ ಆಸೆ. ಹತ್ತಿರದಲ್ಲಿ ಮೂರು ಮಾರಾಟಕ್ಕಿವೆ. ಮೊದಲನೆಯದು ಆರು ಬರ್ನರ್‌ಗಳ, ಪೂರ್ತಿ ಸ್ಟೀಲ್‌ನಂತೆ ಹೊಳೆಯುವ ಗ್ರಿಲ್, ಐದು ವರ್ಷ ಹಳೆಯದು, 120 ಡಾಲರ್. ಎರಡನೆಯದು ವೆಬರ್ ಕಂಪನಿಯ ಜೆನೆಸಿಸ್ ಸಿಲ್ವರ್ ಬಿ, ಹಸಿರು ಮುಚ್ಚಳ, 60 ಡಾಲರ್. ‘ಇಪ್ಪತ್ತು ವರ್ಷ ಹಳೆಯದು, ಮುಚ್ಚಳದ ಒಳಗೆ ಪೇಂಟ್ ಸುಲಿಯುತ್ತಿದೆ’ ಅಂತ ಮಾರುವವರೇ ಬರೆದಿದ್ದಾರೆ. ಮೂರನೆಯದು ಅದಕ್ಕಿಂತ ಹಳೆಯ ಜೆನೆಸಿಸ್ 1000, ಮರದ ಪಟ್ಟಿಗಳು ಹಾಳಾಗಿವೆ, ನ್ಯಾಚುರಲ್ ಗ್ಯಾಸ್‌ನದು, ಪುಕ್ಕಟೆ. ಯಾವುದು ತರಲಿ? ಇನ್ನೊಂದು ವಿಷಯ: ನಾವು ಸಸ್ಯಾಹಾರಿಗಳು. ಜೂನ್‌ನಲ್ಲಿ ಊರಿಂದ ಅಮ್ಮ ಬರುತ್ತಾರೆ. ಬೇರೆಯವರು ಮಾಂಸ ಸುಟ್ಟ ಗ್ರಿಲ್ ನಿಜವಾಗಿ ಶುದ್ಧ ಆಗುತ್ತಾ?

ಉತ್ತರ: ಎರಡನೆಯದು. ಆದರೆ ಅದರ ಕಾಲುಗಳು ಗಟ್ಟಿಯಾಗಿದ್ದರೆ ಮಾತ್ರ. ನಿಮಗೆ ಹೆದರಿಕೆ ಹುಟ್ಟಿಸಿರುವ ಆ ‘ಸುಲಿಯುವ ಪೇಂಟ್’ ಇದೆಯಲ್ಲ, ಅದು ಪೇಂಟೇ ಅಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಹಳೆಯ ಗ್ರಿಲ್ ನೋಡಲು ಹೋದವರೆಲ್ಲ ಮೊದಲು ಮುಚ್ಚಳ ಎತ್ತುತ್ತಾರೆ. ಒಳಗಿನ ಜಾಲರಿ ತುಕ್ಕು ಹಿಡಿದಿದೆ, ಬರ್ನರ್ ತೂತಾಗಿದೆ, ಅದರ ಮೇಲಿನ ತಗಡುಗಳು ಉದುರಿವೆ. ಅದನ್ನು ನೋಡಿ ‘ಅಯ್ಯೋ ಇದು ಮುಗೀತು’ ಅಂತ ವಾಪಸ್ ಬರುತ್ತಾರೆ. ಇವೆಲ್ಲ ಸವೆಯಲಿಕ್ಕೇ ಇರುವ ಸಾಮಾನು. ಚಪ್ಪಲಿಯ ಉಂಗುಷ್ಠ ಕಿತ್ತರೆ ಹೊಲಿಸಿಕೊಳ್ಳುತ್ತೇವೆ, ಅಟ್ಟೆಯೇ ಸೀಳಿದರೆ ಬಿಸಾಡುತ್ತೇವೆ, ಅಲ್ವಾ? ಗ್ರಿಲ್‌ನಲ್ಲಿ ಅಟ್ಟೆ ಅಂದರೆ ಎರಡೇ: ಬೆಂಕಿ ಉರಿಯುವ ಪೆಟ್ಟಿಗೆ ಮತ್ತು ಆ ಪೆಟ್ಟಿಗೆಯನ್ನು ಹೊತ್ತ ಫ್ರೇಮ್. ಇವೆರಡು ಚೆನ್ನಾಗಿದ್ದರೆ ಉಳಿದದ್ದೆಲ್ಲ ಒಂದು ಶನಿವಾರದ ಕೆಲಸ.

ಹೀಗೆ ನೋಡಿದರೆ ನಿಮ್ಮ ಮೊದಲನೆಯ ಗ್ರಿಲ್ ಅಲ್ಲೇ ಬಿದ್ದುಹೋಗುತ್ತದೆ. ಮೇಲೆಲ್ಲ ಥಳಕು ಒಳಗೆಲ್ಲ ಹುಳುಕು ಅಂತಾರಲ್ಲ, ಆ ಜಾತಿ. ಇಂಥ ಅಗ್ಗದ ದೊಡ್ಡ ಗ್ರಿಲ್‌ಗಳಲ್ಲಿ ಹೊಳೆಯುವ ಸ್ಟೀಲು ಮುಚ್ಚಳಕ್ಕೆ, ಬಾಗಿಲಿಗೆ ಮಾತ್ರ. ಒಳಗಿನ ಪೆಟ್ಟಿಗೆ ಬರೀ ತೆಳು ತಗಡು. ಜಿಡ್ಡು, ಉಪ್ಪು, ಮಳೆನೀರು ಮೂರೂ ಸೇರುವ ತಳದಲ್ಲೇ ಅದು ಮೊದಲು ಕೊರೆದುಹೋಗುತ್ತದೆ. ಪೆಟ್ಟಿಗೆ ಹೋದರೆ ಹೊಸ ಪೆಟ್ಟಿಗೆ ಸಿಗುವುದಿಲ್ಲ. ಅಂಗಡಿಯ ಹೆಸರು ಹಾಕಿಕೊಂಡು ಬರುವ ಗ್ರಿಲ್‌ಗಳ ಮಾಡೆಲ್ಲು ಪದೇ ಪದೇ ಬದಲಾಗುತ್ತಿರುತ್ತದೆ. ನಾಲ್ಕೈದು ವರ್ಷ ಕಳೆದ ಮೇಲೆ ಬಿಡಿಭಾಗ ಹುಡುಕುವುದೇ ಒಂದು ಉದ್ಯೋಗ ಆಗುತ್ತದೆ. ಆರು ಬರ್ನರ್ ಅಂತ ಮರುಳಾಗಬೇಡಿ. ನೀವು ನೋಡಿರುವ ಸಿಲ್ವರ್ ಬಿಗೆ ಇರುವುದು ಮೂರು ಬರ್ನರ್, ಒಟ್ಟು ಶಾಖ ಗಂಟೆಗೆ 36,000 ಬಿಟಿಯು (ಶಾಖ ಅಳೆಯುವ ಮಾನ). ಅಡುಗೆಗೆ ಅದು ಧಾರಾಳ. ಏಕೆಂದರೆ ಅದರ ಪೆಟ್ಟಿಗೆ ಎರಕದ ಅಲ್ಯೂಮಿನಿಯಂ. ದಪ್ಪ ಇದೆ, ಶಾಖ ಹಿಡಿದಿಟ್ಟುಕೊಳ್ಳುತ್ತದೆ, ತುಕ್ಕಂತೂ ಹಿಡಿಯುವುದೇ ಇಲ್ಲ.

ಜೆನೆಸಿಸ್ ಮಾರುಕಟ್ಟೆಗೆ ಬಂದದ್ದು 1985ರಲ್ಲಿ. ಅದಕ್ಕೆ ಮುಂಚೆ ಗ್ಯಾಸ್ ಗ್ರಿಲ್ ಅಂದರೆ ಬರ್ನರ್ ಮೇಲೆ ಲಾವಾ ಕಲ್ಲು ಹರಡಿರುತ್ತಿದ್ದರು. ಆ ಕಲ್ಲು ಜಿಡ್ಡು ಕುಡಿದು ಕುಡಿದು ಒಂದು ದಿನ ಭಗ್ ಅಂತ ಹತ್ತಿಕೊಳ್ಳುತ್ತಿತ್ತು. ಜೆನೆಸಿಸ್‌ನಲ್ಲಿ ಕಲ್ಲಿನ ಬದಲು ಮನೆಯ ಸೂರಿನಂತೆ ಮಡಚಿದ ತಗಡುಗಳನ್ನು ಬರ್ನರ್‌ಗಳ ಮೇಲೆ ಕೂರಿಸಿದರು. ಅದಕ್ಕೆ ಫ್ಲೇವರೈಜರ್ ಬಾರ್ ಅಂತ ಹೆಸರು. ಬಿದ್ದ ಎಣ್ಣೆ ಅರ್ಧ ಅಲ್ಲೇ ಹೊಗೆಯಾಗುತ್ತದೆ, ಉಳಿದದ್ದು ಜಾರಿ ಕೆಳಗಿನ ತಟ್ಟೆಗೆ ಇಳಿಯುತ್ತದೆ. ನಿಮ್ಮ ಪುಕ್ಕಟೆಯ 1000ದಲ್ಲಿ ಇಂಥ 13 ತಗಡುಗಳಿರಬೇಕು. ಸಿಲ್ವರ್ ಬಿಯಲ್ಲಿ ಐದು, ಒಂದೊಂದೂ 22.5 ಇಂಚು ಉದ್ದ. ಎರಡರಲ್ಲೂ ಬರ್ನರ್‌ಗಳು ಎಡದಿಂದ ಬಲಕ್ಕೆ ಮಲಗಿರುತ್ತವೆ, ಗುಂಡಿಗಳು ಬಲಗಡೆಯ ಮೇಜಿನ ಮೇಲೆ ಇರುತ್ತವೆ. 2011ರಲ್ಲಿ ಗುಂಡಿಗಳನ್ನು ಮುಂದಕ್ಕೆ ತಂದು ಬರ್ನರ್‌ಗಳನ್ನು ಹಿಂದೆ ಮುಂದೆ ತಿರುಗಿಸಿದರು. ಹಳೆಯ ಜೋಡಣೆಯೇ ನನಗೆ ಇಷ್ಟ. ಹಿಂದಿನದು, ಮುಂದಿನದು ಉರಿಸಿ ನಡುವಿನದು ಆರಿಸಿದರೆ, ನಡುವೆ ಇಟ್ಟ ಬದನೆಕಾಯಿ ಎಡ ಬಲ ಅನ್ನದೆ ಒಂದೇ ಸಮನೆ ಬೇಯುತ್ತದೆ.

ಹೆಸರಿನ ವಿಚಾರದಲ್ಲಿ ಒಂದು ಎಚ್ಚರ. ಸಿಲ್ವರ್ ಎ ಅಂತಲೂ ಇತ್ತು. ಅದು ಎರಡೇ ಬರ್ನರ್‌ನ ಚಿಕ್ಕ ಗ್ರಿಲ್. ಮಾರುವವರಿಗೇ ಇದು ಗೊತ್ತಿರುವುದಿಲ್ಲ, ಬೇಕಂತ ಸುಳ್ಳು ಹೇಳುತ್ತಾರೆ ಅಂತಲ್ಲ. ಮುಚ್ಚಳ ತೆರೆದ ಫೋಟೋ ಕೇಳಿ, ಬರ್ನರ್ ಎಣಿಸಿ.

ಈಗ ಕಾಲಿನ ವಿಷಯ. ಇದು ನಾನು ಸ್ವಂತ ದುಡ್ಡು ಕೊಟ್ಟು ಕಲಿತ ಪಾಠ. ಕೆಲವು ವರ್ಷದ ಹಿಂದೆ ಕೆಂಪು ಮುಚ್ಚಳದ ಒಂದು ಜೆನೆಸಿಸ್ ನೋಡಿ ಮನಸೋತೆ. ಮುಚ್ಚಳದ ಮೇಲೆ ಒಂದು ಗೀರಿಲ್ಲ. ಹೊತ್ತು ಮುಳುಗಿತ್ತು, ಗ್ಯಾರೇಜಿನ ಮಂಕು ಬೆಳಕು. ಚೌಕಾಸಿ ಕೂಡ ಮಾಡದೆ ಕೇಳಿದಷ್ಟು ಕೊಟ್ಟೆ. ಇಬ್ಬರು ಸೇರಿ ವ್ಯಾನಿಗೆ ಎತ್ತುವಾಗ ಹಿಂದಿನ ಬಲಗಾಲು ಕಬ್ಬು ಮುರಿದ ಹಾಗೆ ಲಟಕ್ ಅಂತ ಮುರಿದು ನನ್ನ ಕೈಗೇ ಬಂತು. ಒಳಗಿನಿಂದ ಕೆಂಪು ಪುಡಿ ಸುರಿಯಿತು. ಹೊರಗಿನ ಕಪ್ಪು ಪೇಂಟು ಮಾತ್ರ ಅಚ್ಚುಕಟ್ಟಾಗಿತ್ತು. ಈ ಫ್ರೇಮ್ ಟೊಳ್ಳು ಕೊಳವೆ ನೋಡಿ. ನೀರು ಒಳಗೆ ಸೇರಿ ಅಲ್ಲೇ ನಿಲ್ಲುತ್ತದೆ, ತುಕ್ಕು ಒಳಗಿನಿಂದ ತಿನ್ನುತ್ತಾ ಬರುತ್ತದೆ. ಹೊರಗೆ ಕಾಣುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ.

ಅದಕ್ಕೇ ಹಗಲು ಹೊತ್ತಿನಲ್ಲಿ ಹೋಗಿ. ಒಂದು ಟಾರ್ಚ್, ಒಂದು ಚಪ್ಪಟೆ ಸ್ಕ್ರೂಡ್ರೈವರ್, ಫ್ರಿಜ್ ಬಾಗಿಲಿನ ಒಂದು ಮ್ಯಾಗ್ನೆಟ್, ನೆಲಕ್ಕೆ ಹಾಸಲು ಹಳೆಯ ಪೇಪರ್ ಜೊತೆಗಿರಲಿ. ಮೊದಲು ಮಂಡಿಯೂರಿ ಕೂತು ಕೆಳಗಿನ ಅಡ್ಡಪಟ್ಟಿ ನೋಡಿ. ಚಕ್ರ ಸೇರುವ ಜಾಗ, ಎರಡು ಕೊಳವೆ ಕೂಡುವ ಮೂಲೆ, ಪೆಟ್ಟಿಗೆ ಫ್ರೇಮಿನ ಮೇಲೆ ಕೂರುವ ಜಾಗ, ಈ ಮೂರು ಕಡೆ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಟಣ್ ಅಂದರೆ ಸರಿ. ಬಿಸ್ಕತ್ತಿನ ಹಾಗೆ ಕುರುಕುರು ಅಂದರೆ, ತುದಿ ಒಳಗೆ ಇಳಿದರೆ, ನಮಸ್ಕಾರ ಹೇಳಿ ಬಂದುಬಿಡಿ. ಮೇಲ್ಮೈಯ ತುಕ್ಕಿಗೆ ಹೆದರಬೇಕಿಲ್ಲ. ಉಜ್ಜಿ ಪೇಂಟ್ ಹೊಡೆದರೆ ಆಯಿತು. ಆಮೇಲೆ ಪೆಟ್ಟಿಗೆಯ ಎರಡು ಅಂಚು ಹಿಡಿದು ನಿಧಾನಕ್ಕೆ ಅಲ್ಲಾಡಿಸಿ. ಬೋಲ್ಟ್ ಸಡಿಲವಾಗಿ ಸ್ವಲ್ಪ ಅಲುಗಿದರೆ ಚಿಂತೆಯಿಲ್ಲ. ಇಡೀ ಗ್ರಿಲ್ ಕುಡಿದವರ ಹಾಗೆ ಒಂದು ಪಕ್ಕಕ್ಕೆ ವಾಲಿದರೆ ಬೇಡ.

ಮ್ಯಾಗ್ನೆಟ್ ಪೆಟ್ಟಿಗೆಗೆ. ಅಂಟಿದರೆ ಅದು ಅಲ್ಯೂಮಿನಿಯಂ ಅಲ್ಲ. ಮೊದಲನೆಯ ಗ್ರಿಲ್ ನೋಡಲೇಬೇಕು ಅನಿಸಿದರೆ ಅದರ ಪೆಟ್ಟಿಗೆಯ ತಳಕ್ಕೂ ಹಿಡಿದು ನೋಡಿ, ಕಚ್ಚಿಕೊಂಡರೆ ನಾನು ಹೇಳಿದ್ದು ತಿಳಿಯುತ್ತದೆ. ಎರಕದ ಪೆಟ್ಟಿಗೆಗೆ ತುಕ್ಕಿನ ಭಯ ಇಲ್ಲ, ಬಿರುಕಿನ ಭಯ ಇದೆ. ಜಿಡ್ಡು ತುಂಬಿ ಒಳಗೇ ಬೆಂಕಿ ಹತ್ತಿದ್ದರೆ ಅಲ್ಯೂಮಿನಿಯಂ ಸೊಟ್ಟಗಾಗಿರಲೂಬಹುದು. ಮುಚ್ಚಳ ಮುಚ್ಚಿ ಸುತ್ತ ನೋಡಿ. ಒಂದು ಕಡೆ ಬೆರಳು ತೂರುವಷ್ಟು ಸಂದಿ, ಇನ್ನೊಂದು ಕಡೆ ಬಿಗಿಯಾಗಿದ್ದರೆ ಹಿಂದೆ ಏನೋ ನಡೆದಿದೆ ಅಂತಲೇ ಅರ್ಥ.

ಗುಂಡಿಗಳನ್ನು ಒಂದೊಂದಾಗಿ ಒತ್ತಿ ತಿರುಗಿಸಿ. ಬಿಗಿ ಇದ್ದರೆ ಗ್ರೀಸ್ ಹಾಕಿ ಸರಿಮಾಡಬಹುದು. ಪೂರ್ತಿ ಕಚ್ಚಿಕೊಂಡು ಮಿಸುಕದಿದ್ದರೆ ಯೋಚಿಸಿ. ಬರ್ನರ್, ಜಾಲರಿ, ಬಾರ್‌ಗಳು ಈ ಹಳೆಯ ಮಾಡೆಲ್‌ಗಳಿಗೆ ಇವತ್ತಿಗೂ ಸುಲಭವಾಗಿ ಸಿಗುತ್ತವೆ. ವಾಲ್ವ್‌ಗಳ ಜೋಡಣೆ ಹಾಗಲ್ಲ. ಅದನ್ನು ಇನ್ನೊಂದು ಹಳೆಯ ಗ್ರಿಲ್‌ನಿಂದಲೇ ಕಳಚಿ ತರಬೇಕಾಗುತ್ತದೆ.

ಇನ್ನು ಆ ಸುಲಿಯುವ ಪೇಂಟು. ಈ ಮುಚ್ಚಳದ ಒಳಮೈಗೆ ಪೇಂಟ್ ಹಚ್ಚಿರುವುದೇ ಇಲ್ಲ. ಅದು ಪಿಂಗಾಣಿಯ ಲೇಪ. ವರ್ಷಗಟ್ಟಲೆ ಎದ್ದ ಹೊಗೆ, ಎಣ್ಣೆ ಆವಿ ಪದರ ಪದರವಾಗಿ ಕೂತು ಇದ್ದಿಲಾಗಿದೆ. ಅದು ಒಣಗಿ ಹಪ್ಪಳದ ಹಾಗೆ ಎದ್ದು ಉದುರುತ್ತದೆ. ನಮ್ಮ ಕಡೆ ಸೌದೆ ಒಲೆಯ ಮೇಲಿನ ಅಟ್ಟಕ್ಕೆ ಮಸಿ ಕಟ್ಟುತ್ತಿತ್ತಲ್ಲ, ಅದರದೇ ತಮ್ಮ. ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ಉಜ್ಜಿದರೆ ಬರುತ್ತದೆ. ಒಳಗೆ ಖಂಡಿತ ಪೇಂಟ್ ಬಳಿಯಬೇಡಿ. ಪಾಪ, ಮಾರುವವರು ಇದನ್ನೇ ದೊಡ್ಡ ದೋಷ ಅಂದುಕೊಂಡು ಬೆಲೆ ಇಳಿಸಿದ್ದಾರೆ. ತಿದ್ದುವುದೂ ಬಿಡುವುದೂ ನಿಮ್ಮ ಆತ್ಮಸಾಕ್ಷಿಗೆ ಬಿಟ್ಟದ್ದು! ಆದರೆ ಮುಚ್ಚಳದ ಹೊರಗೆ ಹಸಿರು ಪಿಂಗಾಣಿ ಚಕ್ಕೆ ಎದ್ದು ಕೆಳಗಿನ ಕಬ್ಬಿಣ ಕಾಣುತ್ತಿದ್ದರೆ ಅದು ನಿಜವಾದ ದೋಷ. ಚಿಕ್ಕದಾದರೆ ಸಹಿಸಬಹುದು, ಅಂಗೈ ಅಗಲ ಇದ್ದರೆ ಬೆಲೆ ಇಳಿಸಿ ಕೇಳಿ.

ಮೂರನೆಯದು ಪುಕ್ಕಟೆ. ನನಗೂ ಬಾಯಲ್ಲಿ ನೀರು ಬಂತು, ನಿಜ ಹೇಳುತ್ತೇನೆ. ಮರದ ಪಟ್ಟಿ ಹಾಳಾಗಿದ್ದರೆ ಅದು ದೊಡ್ಡ ವಿಷಯವಲ್ಲ, ಸೀಡರ್ ಹಲಗೆ ಕೊಯ್ದು ಹಾಕಬಹುದು. ತೊಡಕು ಇರುವುದು ‘ನ್ಯಾಚುರಲ್ ಗ್ಯಾಸ್’ ಅನ್ನುವ ಮಾತಿನಲ್ಲಿ. ಅದು ಮನೆಗೆ ಪೈಪಿನಲ್ಲಿ ಬರುವ ಗ್ಯಾಸ್, ಸಿಲಿಂಡರ್‌ನಲ್ಲಿ ಬರುವುದು ಪ್ರೊಪೇನ್. ಒಂದು ಘನ ಅಡಿ ಪ್ರೊಪೇನ್‌ನಲ್ಲಿ ಸುಮಾರು 2,500 ಬಿಟಿಯು ಶಾಖ ಇದೆ, ಅಷ್ಟೇ ನ್ಯಾಚುರಲ್ ಗ್ಯಾಸ್‌ನಲ್ಲಿ ಸುಮಾರು 1,000 ಮಾತ್ರ. ಹಾಗಾಗಿ ನ್ಯಾಚುರಲ್ ಗ್ಯಾಸ್ ಗ್ರಿಲ್‌ನ ವಾಲ್ವ್ ತುದಿಯ ರಂಧ್ರ ದೊಡ್ಡದಿರುತ್ತದೆ. ಅದಕ್ಕೆ ಸುಮ್ನೆ ಒಂದು ಪೈಪು ಸಿಕ್ಕಿಸಿ ಪ್ರೊಪೇನ್ ಸಿಲಿಂಡರ್ ಜೋಡಿಸಿದರೆ ಮೊಳದುದ್ದ ಹಳದಿ ಜ್ವಾಲೆ ಏಳುತ್ತದೆ. ಹುಬ್ಬು ಸುಟ್ಟುಕೊಂಡವರು ಇದ್ದಾರೆ, ಹುಬ್ಬಿಗೇ ನಿಂತರೆ ಪುಣ್ಯ. ಬದಲಾಯಿಸುವ ದಾರಿ ಇಲ್ಲ ಅಂತಲ್ಲ. ಆದರೆ ಒಂದು ಗ್ಯಾಸ್‌ನಿಂದ ಇನ್ನೊಂದಕ್ಕೆ ಮಾರ್ಪಡಿಸಬೇಡಿ ಅಂತ ಕಂಪನಿಯೇ ಹೇಳುತ್ತದೆ. ಮೊದಲ ಸಲ ಕೈ ಹಾಕುವವರು ಅಲ್ಲಿಂದ ಶುರು ಮಾಡುವುದು ಬೇಡವೇ ಬೇಡ. ನಿಮ್ಮ ಹಿತ್ತಲಿಗೆ ಆಗಲೇ ನ್ಯಾಚುರಲ್ ಗ್ಯಾಸ್ ಲೈನ್ ಬಂದಿದ್ದರೆ ಲೆಕ್ಕ ಬೇರೆ. ಆಗ ಲೈಸೆನ್ಸ್ ಇರುವ ಪ್ಲಂಬರ್‌ನಿಂದ ಲೈನ್ ಪರೀಕ್ಷೆ ಮಾಡಿಸಿ, ಇದನ್ನೇ ತನ್ನಿ. ಸಿಲಿಂಡರ್ ಹೊರುವ ಕಾಟವೇ ಇರುವುದಿಲ್ಲ.

ಸಿಲ್ವರ್ ಬಿ ಮನೆಗೆ ಬಂತು ಅಂತಿಟ್ಟುಕೊಳ್ಳಿ. ಜೊತೆಗೆ ಹಳೆಯ ಸಿಲಿಂಡರ್ ಕೊಟ್ಟರೆ ಅದರ ಕತ್ತಿನ ಪಟ್ಟಿಯ ಮೇಲೆ ಕೊರೆದ ತಿಂಗಳು ವರ್ಷ ನೋಡಿ. ವಾಲ್ವಿನ ಹಿಡಿಕೆ ತ್ರಿಕೋನದ ಹಾಗಿದೆಯಾ ನೋಡಿ. ಜಾಸ್ತಿ ತುಂಬದಂತೆ ತಡೆಯುವ ಆ ಹೊಸ ವಾಲ್ವ್ ಇಲ್ಲದ ಸಿಲಿಂಡರ್‌ಗಳಿಗೆ 2002ರಿಂದ ಯಾರೂ ಗ್ಯಾಸ್ ತುಂಬುವುದಿಲ್ಲ. ಅನುಮಾನ ಬಂದರೆ ಕೊಟ್ಟು ಬದಲಿ ತನ್ನಿ. ಪೈಪ್ ಮತ್ತು ರೆಗ್ಯುಲೇಟರ್ ಹೇಗೇ ಇರಲಿ, ಹೊಸದು ಹಾಕಿ. ಈ ಒಂದು ಜಾಗದಲ್ಲಿ ಉಳಿತಾಯ ಬೇಡ. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿ ಕೂರುತ್ತದೆ. ಹಾಗಾಗಿ ಚಳಿಗಾಲದಲ್ಲೂ ಸಿಲಿಂಡರ್ ಹೊರಗೇ ಇರಬೇಕು, ಬೇಸ್‌ಮೆಂಟ್‌ಗೆ ಇಳಿಸಬಾರದು.

ಪೆಟ್ಟಿಗೆಯನ್ನು ಕಳಚುವ ಹಿಂದಿನ ರಾತ್ರಿಯೇ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಅಲ್ಯೂಮಿನಿಯಂ ಒಳಗೆ ಸ್ಟೀಲ್ ಬೋಲ್ಟ್ ಇಪ್ಪತ್ತು ವರ್ಷ ಕೂತಿದ್ದರೆ ಎರಡೂ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಅವಸರಪಟ್ಟು ತಿರುಗಿಸಿದರೆ ತಲೆ ಮುರಿದು ಕೈಗೆ ಬರುತ್ತದೆ. ಸಂಜೆಯೊಂದು ಸಲ, ಮಲಗುವ ಮುಂಚೆ ಒಂದು ಸಲ, ಬೆಳಿಗ್ಗೆ ಕಾಫಿ ಕುಡಿಯುತ್ತಾ ಇನ್ನೊಂದು ಸಲ. ಯಾವುದೂ ಸಡಿಲವಾಗಿಲ್ಲದಿದ್ದರೆ ಪೆಟ್ಟಿಗೆಯನ್ನು ಫ್ರೇಮಿನಿಂದ ಬೇರೆ ಮಾಡದೆಯೇ ತೊಳೆಯಬಹುದು. ನಾನಾದರೆ ಹಾಗೇ ಮಾಡುತ್ತೇನೆ.

ತೊಳೆಯುವಾಗ ಒಂದು ತಪ್ಪನ್ನು ತುಂಬ ಜನ ಮಾಡುತ್ತಾರೆ. ಓವನ್ ಕ್ಲೀನರ್ ಸಿಂಪಡಿಸುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಕಾಸ್ಟಿಕ್ ಇರುತ್ತದೆ. ಪಿಂಗಾಣಿಗೆ ಪರವಾಗಿಲ್ಲ, ಅಲ್ಯೂಮಿನಿಯಂ ಅನ್ನು ತಿಂದುಬಿಡುತ್ತದೆ. ಊರಲ್ಲಿ ಅಲ್ಯೂಮಿನಿಯಂ ಪಾತ್ರೆಗೆ ವಾಷಿಂಗ್ ಸೋಡಾ ಹಾಕಿ ಕಪ್ಪು ಮಾಡಿ ಬೈಸಿಕೊಂಡ ನೆನಪು ಇದ್ದರೆ, ಇದೂ ಅದೇ. ಗೋಡೆಗೆ ಪುಟ್ಟಿ ಹಚ್ಚುವ ಅಗಲದ ಬ್ಲೇಡಿನಿಂದ ಒಣಗಿದ ಜಿಡ್ಡು ಕೆರೆದು ತೆಗೆಯಿರಿ, ಆಮೇಲೆ ಪಾತ್ರೆ ತೊಳೆಯುವ ಸೋಪು, ಬಿಸಿನೀರು, ನಾರು. ತಳದ ತಟ್ಟೆಯಲ್ಲಿ ಕೊಳಕು ಎಷ್ಟಿರುತ್ತದೆ ಅಂದರೆ ಮೊದಲ ಸಲ ಹೊಟ್ಟೆ ತೊಳಸುತ್ತದೆ. ಕೈಗೆ ಗ್ಲೌಸ್ ಇರಲಿ.

ಬರ್ನರ್ ಹಳೆಯದನ್ನೇ ಬಳಸುವುದಾದರೆ ವಾಲ್ವ್ ಕಡೆಯ ತುದಿಯೊಳಗೆ ಟಾರ್ಚ್ ಬಿಡಿ. ಜೇಡ! ಪ್ರೊಪೇನ್‌ಗೆ ಸೇರಿಸಿರುವ ವಾಸನೆಯೋ ಏನೋ, ಆ ಕೊಳವೆಗಳೆಂದರೆ ಜೇಡಕ್ಕೆ ತವರುಮನೆ. ಬಲೆ ಕಟ್ಟಿದ್ದರೆ ಗ್ಯಾಸ್ ಮುಂದಕ್ಕೆ ಹೋಗದೆ ಹಿಂದಕ್ಕೆ ತಿರುಗಿ ಗುಂಡಿಗಳ ಹತ್ತಿರ ಬೆಂಕಿ ಹತ್ತಬಹುದು. ಒಮ್ಮೆ ನನ್ನ ಗ್ರಿಲ್‌ನಲ್ಲಿ ನಡುವಿನ ಬರ್ನರ್ ಸೋಮಾರಿಯ ಹಾಗೆ ಹಳದಿ ಹಳದಿಯಾಗಿ ಉರಿಯುತ್ತಿತ್ತು. ಕಳಚಿ ಉದ್ದದ ಬ್ರಷ್ ತೂರಿಸಿದರೆ ಹತ್ತಿಯಂಥ ಬಿಳಿ ಉಂಡೆಯೊಂದು ಈಚೆ ಬಂತು. ಅಷ್ಟೇ ರೋಗ. ಜ್ವಾಲೆ ನೀಲಿಯಿರಬೇಕು, ತುದಿಯಲ್ಲಿ ಮಾತ್ರ ಚೂರು ಹಳದಿ. ಕೊಳವೆ ಬಾಯಿಗೆ ಸಣ್ಣ ಜಾಲರಿ ಪರದೆ ಇರುತ್ತದೆ, ಅದು ಹರಿದಿಲ್ಲದಂತೆ ನೋಡಿಕೊಳ್ಳಿ.

ಜೋಡಿಸಿದ ಮೇಲೆ ಸೋಪಿನ ನೀರಿನ ಪರೀಕ್ಷೆ. ಗುಂಡಿಗಳೆಲ್ಲ ಬಂದ್, ಸಿಲಿಂಡರ್ ವಾಲ್ವ್ ಮಾತ್ರ ಓಪನ್. ಪ್ರತಿ ಜಾಯಿಂಟ್‌ಗೂ ನೊರೆ ಹಚ್ಚಿ ಒಂದೆರಡು ನಿಮಿಷ ನೋಡಿ. ಗುಳ್ಳೆ ಊದಿದರೆ ಸೋರುತ್ತಿದೆ. ಬೆಂಕಿಕಡ್ಡಿ ಹಿಡಿದು ಪರೀಕ್ಷಿಸುವ ಧೀರರ ಸಾಲಿಗೆ ಸೇರಬೇಡಿ. ಹಚ್ಚುವಾಗ ಮುಚ್ಚಳ ತೆರೆದಿರಬೇಕು. ಸಿಲ್ವರ್ ಬಿಯಲ್ಲಿ ಕಿಡಿ ಬರುವುದು ಮುಂದಿನ ಬರ್ನರ್‌ಗೆ ಮಾತ್ರ. ಅದನ್ನು ಮೊದಲು ಹತ್ತಿಸಿ, ಬೆಂಕಿ ಅಡ್ಡ ಕೊಳವೆಯ ಮೂಲಕ ಉಳಿದವಕ್ಕೆ ದಾಟುತ್ತದೆ.

ಒಂದು ದಿನ ಇದ್ದಕ್ಕಿದ್ದಂತೆ ಗ್ರಿಲ್ 300 ಡಿಗ್ರಿ ಫ್ಯಾರನ್‌ಹೀಟ್ ದಾಟದೆ ಕೂರುತ್ತದೆ. ಕೆಟ್ಟಿತು ಅಂದುಕೊಳ್ಳಬೇಡಿ. ಸಿಲಿಂಡರ್ ವಾಲ್ವನ್ನು ಗಡಿಬಿಡಿಯಲ್ಲಿ ತಿರುಗಿಸಿದಾಗ ರೆಗ್ಯುಲೇಟರ್ ಸೋರಿಕೆ ಅಂದುಕೊಂಡು ತಾನೇ ಗ್ಯಾಸ್ ಕಟ್ಟಿಹಾಕುತ್ತದೆ. ಎಲ್ಲ ಬಂದ್ ಮಾಡಿ, ಮುಚ್ಚಳ ತೆರೆದು, ಒಂದೆರಡು ನಿಮಿಷ ಬಿಟ್ಟು, ವಾಲ್ವನ್ನು ತೀರಾ ನಿಧಾನಕ್ಕೆ ತಿರುಗಿಸಿ. ಈ ಒಂದೇ ಕಾರಣಕ್ಕೆ ಒಳ್ಳೊಳ್ಳೆ ಗ್ರಿಲ್‌ಗಳು ‘ಶಾಖ ಬರಲ್ಲ’ ಅಂತ ಅಗ್ಗಕ್ಕೆ ಮಾರಾಟಕ್ಕೆ ಬರುತ್ತವೆ.

ಖರ್ಚು ಕೇಳುತ್ತೀರಿ. ಜಾಲರಿ, ಬಾರ್, ಬರ್ನರ್, ಪೈಪು, ಪೇಂಟು ಎಲ್ಲ ಹೊಸದು ಹಾಕಿದರೂ ಸುಮಾರು 200 ಡಾಲರ್ ಇಟ್ಟುಕೊಳ್ಳಿ. ಜಾಲರಿ, ಬಾರ್ ಎರಡೂ ಸ್ಟೇನ್‌ಲೆಸ್ ಸ್ಟೀಲ್‌ನವೇ ತಗೊಳ್ಳಿ. ಬಾರ್‌ಗಳನ್ನು ಪಿಂಗಾಣಿ ಲೇಪದ್ದು ಅಗ್ಗ ಅಂತ ತಂದರೆ ಎರಡು ಮೂರು ವರ್ಷಕ್ಕೆ ಮತ್ತೆ ಉದುರುತ್ತವೆ. ತಗೊಳ್ಳುವ ಮುಂಚೆ ಹಳೆಯದನ್ನು ಟೇಪಿನಲ್ಲಿ ಅಳೆಯಿರಿ. ಮಾಡೆಲ್ ಹೆಸರು ನಂಬಿ ತರಿಸಿ ಅರ್ಧ ಇಂಚಿನಲ್ಲಿ ಪೇಚಾಡಿದವರಲ್ಲಿ ನಾನೂ ಒಬ್ಬ.

ಕೊನೆಗೆ ಅಮ್ಮನ ವಿಷಯ. ಆಹಾರ ತಾಗುವುದು ಜಾಲರಿಗೆ. ಹನಿ ಬಿದ್ದು ಹೊಗೆಯೇಳುವುದು ಬಾರ್‌ಗಳಿಂದ. ಇವೆರಡನ್ನೂ ಹೇಗೂ ಹೊಸದು ಹಾಕುತ್ತಿದ್ದೀರಿ. ಜಿಡ್ಡಿನ ತಟ್ಟೆಯನ್ನೂ ಬದಲಾಯಿಸಿ, ದುಬಾರಿಯೇನಲ್ಲ. ಉಳಿಯುವುದು ಪೆಟ್ಟಿಗೆ ಮತ್ತು ಮುಚ್ಚಳ. ಪೆಟ್ಟಿಗೆಯ ಲೋಹ, ಮುಚ್ಚಳದ ಪಿಂಗಾಣಿ ಕಾಣುವವರೆಗೆ ಜಿಡ್ಡು ತೆಗೆದು ತೊಳೆದು, ಅಡುಗೆಗೆ ಮುಂಚೆ ಮೂರೂ ಬರ್ನರ್ ಪೂರ್ತಿ ತಿರುಗಿಸಿ ಅರ್ಧ ಗಂಟೆ ಖಾಲಿ ಉರಿಸಿ. ಅಷ್ಟಾದ ಮೇಲೆ ಹಳೆಯ ಜಿಡ್ಡು ಅಂತ ಅಲ್ಲಿ ಏನೂ ಉಳಿಯುವುದಿಲ್ಲ. ಮನಸ್ಸು ಒಪ್ಪುತ್ತದಾ ಅನ್ನುವುದಕ್ಕೆ ನನ್ನಲ್ಲಿ ಸ್ಕ್ರೂಡ್ರೈವರ್ ಇಲ್ಲ. ನಮ್ಮ ಮನೆಯಲ್ಲಿ ಅತ್ತೆಯವರು ಮೊದಲ ವರ್ಷ ಗ್ರಿಲ್ ಹತ್ತಿರವೂ ಬರಲಿಲ್ಲ. ಮುಚ್ಚಿಡುವುದಕ್ಕಿಂತ ಹೇಳಿಬಿಡುವುದು ವಾಸಿ. ಅವರು ಬೇಡವೆಂದರೆ ಒಂದು ದಪ್ಪ ಕಾವಲಿ ತಂದು ಜಾಲರಿಯ ಮೇಲಿಟ್ಟು ಅದರಲ್ಲೇ ಮಾಡಿಕೊಡಿ. ಬದನೆಕಾಯಿಯನ್ನು ಮಾತ್ರ ಬೆಂಕಿಗೇ ಕೊಡಬೇಕು, ಇಲ್ಲದಿದ್ದರೆ ಸುಟ್ಟ ಬದನೆಕಾಯಿ ಗೊಜ್ಜಿಗೆ ಆ ಘಮ ಬರುವುದಿಲ್ಲ.

ಜೂನ್ ದೂರವಿಲ್ಲ, ಬಿಡಿಭಾಗ ಬರಲು ವಾರ ಹತ್ತು ದಿನ ಬೇಕು. ಹಸಿರು ಮುಚ್ಚಳದವರಿಗೆ ಇವತ್ತೇ ಮೆಸೇಜ್ ಹಾಕಿ, ಎರಡು ಫೋಟೋ ಕೇಳಿ: ಮುಚ್ಚಳ ತೆರೆದದ್ದು ಒಂದು, ಕೆಳಗಿನ ಅಡ್ಡಪಟ್ಟಿಯದು ಹತ್ತಿರದಿಂದ ತೆಗೆದದ್ದು ಒಂದು. ನೋಡಲು ಹೋಗುವಾಗ ಎತ್ತಲು ಇನ್ನೊಬ್ಬರನ್ನು ಕರೆದುಕೊಂಡು ಹೋಗಿ, ಮತ್ತೆ ಎತ್ತುವಾಗ ಪಕ್ಕದ ಮೇಜುಗಳನ್ನು ಹಿಡಿಯಬೇಡಿ, ಫ್ರೇಮನ್ನೇ ಹಿಡಿಯಿರಿ.